ಅಸೆಂಬಲ್ಡ್ ಅಗ್ಗವೋ, ಬ್ರಾಂಡೆಡ್ ಅಗ್ಗವೋ: ಎರಡು ಕೊಟೇಶನ್‌ಗಳ ಲೆಕ್ಕ

ಮೇ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಬ್ರಹ್ಮಾವರದ ನಮ್ಮ ಅಕ್ಕನ ಮನೆಯಲ್ಲಿ ಇನ್ನೊಂದು ಕೆಲಸ ಶುರುವಾಗುತ್ತದೆ. ದೀಪಾವಳಿಯಿಂದ ಮೇ ಕೊನೆಯವರೆಗೆ ಅಕ್ಕನ ಮಗ ಊರೂರು ಸುತ್ತಿ ಯಕ್ಷಗಾನ ಚಿತ್ರೀಕರಿಸುತ್ತಾನೆ. ಮಳೆಗಾಲವಿಡೀ ಕೂತು ಎಡಿಟ್ ಮಾಡುತ್ತಾನೆ. 2025ರ ಜೂನ್‌ನಲ್ಲಿ ಅವನ ಹಳೆಯ ಕಂಪ್ಯೂಟರ್ ಕೈಕೊಟ್ಟಿತು. ಮರುದಿನವೇ ಎರಡು ಕಾಗದ ಹಿಡಿದುಕೊಂಡು ಉಡುಪಿಯ ನನ್ನ ಡಿಟಿಪಿ ಅಂಗಡಿಗೆ ಬಂದ. ಒಂದು ಮಂಗಳೂರಿನ ಶೋರೂಮಿನ ಕೊಟೇಶನ್: ರೆಡಿ ಡೆಸ್ಕ್‌ಟಾಪ್, 72,990 ರೂಪಾಯಿ. ಇನ್ನೊಂದು ಅವನೇ ಬರೆದುಕೊಂಡ ಬಿಡಿಭಾಗಗಳ ಪಟ್ಟಿ: ಒಟ್ಟು 60,800.

"ಮಾವ, ಹನ್ನೆರಡು ಸಾವಿರ ಉಳೀತದೆ. ನಾವೇ ಜೋಡಿಸುವ."

ಇಪ್ಪತ್ತು ವರ್ಷದಿಂದ ಈ ಪ್ರಶ್ನೆಯನ್ನು ನನ್ನ ಹತ್ತಿರ ಬಹಳ ಜನ ಕೇಳಿದ್ದಾರೆ. ಹೆಚ್ಚಿನವರು ಕೇಳುವುದು ಎರಡು ಒಟ್ಟು ಮೊತ್ತಗಳನ್ನು ಪಕ್ಕಪಕ್ಕ ಇಟ್ಟುಕೊಂಡು. ಲೆಕ್ಕ ತಪ್ಪುವುದೇ ಅಲ್ಲಿ. ಮೊತ್ತವನ್ನು ಮೊತ್ತದ ಜೊತೆ ಹೋಲಿಸಬಾರದು, ಸಾಲನ್ನು ಸಾಲಿನ ಜೊತೆ ಹೋಲಿಸಬೇಕು. ಹಾಗಾಗಿ ಅಂಗಡಿ ಬಾಗಿಲು ಹಾಕಿದ ಮೇಲೆ ಇಬ್ಬರೂ ಕೂತು ಒಂದೊಂದೇ ಸಾಲು ನೋಡಿದೆವು.

ಅವನ ಪಟ್ಟಿ ಹೀಗಿತ್ತು. ರೈಜೆನ್ 5 5600 ಪ್ರೊಸೆಸರ್ 9,800. ಬಿ550 ಮದರ್‌ಬೋರ್ಡ್ 8,900. ಎಂಟೆಂಟು ಜಿಬಿಯ ಎರಡು ಡಿಡಿಆರ್4 ರ‍್ಯಾಮ್ ಸೇರಿ 3,400. ಒಂದು ಟಿಬಿ ಎಸ್‌ಎಸ್‌ಡಿ (ಕಡತಗಳನ್ನು ಇಡುವ ಡಿಸ್ಕ್) 5,200. ಹನ್ನೆರಡು ಜಿಬಿ ಮೆಮೊರಿಯ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ 24,500. 650 ವ್ಯಾಟ್‌ನ ಎಸ್‌ಎಂಪಿಎಸ್ (ಎಲ್ಲ ಭಾಗಕ್ಕೂ ವಿದ್ಯುತ್ ಕೊಡುವ ಪವರ್ ಸಪ್ಲೈ) 5,300. ಕ್ಯಾಬಿನೆಟ್ 3,700. ಮಾನಿಟರ್, ಕೀಬೋರ್ಡ್, ಮೌಸ್, ಯುಪಿಎಸ್ ಹಳೆಯವೇ ಸಾಕು. ತೆರಿಗೆಯಲ್ಲಿ ಯಾರಿಗೂ ಲಾಭವಿಲ್ಲ: ಬಿಡಿಭಾಗಕ್ಕೂ ಶೇಕಡಾ 18 ಜಿಎಸ್‌ಟಿ, ರೆಡಿ ಕಂಪ್ಯೂಟರಿಗೂ ಶೇಕಡಾ 18.

ಪಟ್ಟಿಯಲ್ಲಿ ಒಂದು ಸಾಲು ಬಿಟ್ಟುಹೋಗಿತ್ತು. ವಿಂಡೋಸ್. ರೆಡಿ ಡೆಸ್ಕ್‌ಟಾಪಿನ ದರದಲ್ಲಿ ವಿಂಡೋಸ್ 11 ಸೇರಿಕೊಂಡೇ ಬರುತ್ತದೆ. ಲಕ್ಷಗಟ್ಟಲೆ ಯಂತ್ರ ಮಾರುವ ಕಂಪನಿಗೆ ಆ ಲೈಸೆನ್ಸ್ ಬೀಳುವ ಬೆಲೆಗೂ ನೀವು ನಾನು ಬಿಡಿಯಾಗಿ ಕೊಳ್ಳುವ ಬೆಲೆಗೂ ಅಜಗಜಾಂತರ. ನಮಗೆ ಹೋಮ್ ಆವೃತ್ತಿಗೇ ಹತ್ತು ಸಾವಿರದ ಆಸುಪಾಸು ಬೀಳುತ್ತದೆ. ಐನೂರು ರೂಪಾಯಿಗೆ ಕೀ ಮಾರುವವರು ಆನ್‌ಲೈನ್‌ನಲ್ಲಿ ಬೇಕಾದಷ್ಟು ಸಿಗುತ್ತಾರೆ. ಅಂಥ ಕೀಗಳಲ್ಲಿ ಬಹುಪಾಲು ಯಾವುದೋ ಸಂಸ್ಥೆಗೆ ಕೊಟ್ಟದ್ದು ಅಥವಾ ಯಾರದೋ ಯಂತ್ರದಿಂದ ಎತ್ತಿದ್ದು. ಅದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿದರೆ ಈ ಸಾಲು ಸೊನ್ನೆಯಾಗುತ್ತದಲ್ಲ ಎಂದು ಕೇಳಬಹುದು. ಪತ್ರ ಟೈಪ್ ಮಾಡಲು, ಬ್ರೌಸಿಂಗಿಗೆ, ಮಕ್ಕಳ ಪಾಠಕ್ಕೆ ಲಿನಕ್ಸಿನದೇ ಒಂದು ರೂಪವಾದ ಉಬುಂಟು ಧಾರಾಳ ಸಾಕು, ಕನ್ನಡವೂ ಅದರಲ್ಲಿ ಚೆನ್ನಾಗಿ ಮೂಡುತ್ತದೆ. ಆದರೆ ನಮ್ಮ ಹುಡುಗ ಎಡಿಟ್ ಮಾಡುವುದು ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲಿ. ನಾವು ಕಟ್ಟುವ ಹೊತ್ತಿಗೆ ಆ ಉಚಿತ ಆವೃತ್ತಿ ಲಿನಕ್ಸ್‌ನಲ್ಲಿ ಎಚ್.264 ವಿಡಿಯೋವನ್ನು ತೆರೆಯುತ್ತಿರಲಿಲ್ಲ, ಅವನ ಕ್ಯಾಮೆರಾ ಬರೆಯುವುದೋ ಅದೇ ರೂಪದಲ್ಲಿ. ಹಾಗಾಗಿ ಹತ್ತು ಸಾವಿರ ಸೇರಿಸಿದೆವು. 60,800 ಹೋಗಿ 70,800 ಆಯಿತು. ಹನ್ನೆರಡು ಸಾವಿರದ ಉಳಿತಾಯ 2,190ಕ್ಕೆ ಇಳಿಯಿತು. ಅವನ ಮುಖವೂ ಇಳಿಯಿತು.

ಈಗ ಶೋರೂಮಿನ ಕಾಗದ. ಅದರಲ್ಲಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡಿನ ಹೆಸರು ದಪ್ಪಕ್ಷರದಲ್ಲಿತ್ತು, ಎರಡೂ ಅವನ ಪಟ್ಟಿಯಲ್ಲಿದ್ದವೇ. ಉಳಿದದ್ದೆಲ್ಲ ಸಣ್ಣಕ್ಷರ. ರ‍್ಯಾಮ್ 16 ಜಿಬಿ, ಆದರೆ ಎರಡು ಸ್ಟಿಕ್ ಅಲ್ಲ, ಒಂದೇ ಪಟ್ಟಿ. ಎಸ್‌ಎಸ್‌ಡಿ 512 ಜಿಬಿ. "500 ವ್ಯಾಟ್ ಪವರ್ ಸಪ್ಲೈ" ಎಂದಿತ್ತು, ಯಾವ ಕಂಪನಿಯದ್ದು, ಯಾವ ಮಾಡೆಲ್ ಎಂದು ಇಲ್ಲ. ಮದರ್‌ಬೋರ್ಡಿನ ಹೆಸರಂತೂ ಇಲ್ಲವೇ ಇಲ್ಲ.

ಒಂದೇ ಪಟ್ಟಿಯ 16 ಜಿಬಿಗೂ ಎರಡು ಪಟ್ಟಿಯ 16 ಜಿಬಿಗೂ ವ್ಯತ್ಯಾಸ ಉಂಟು. ಈ ಬೋರ್ಡುಗಳಲ್ಲಿ ರ‍್ಯಾಮ್‌ಗೂ ಪ್ರೊಸೆಸರಿಗೂ ನಡುವೆ ಎರಡು ದಾರಿಗಳಿರುತ್ತವೆ. ಒಂದೇ ಪಟ್ಟಿ ಹಾಕಿದರೆ ಒಂದು ದಾರಿ ಖಾಲಿ ಬಿದ್ದಿರುತ್ತದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ ಇದರ ನಷ್ಟ ಎದ್ದು ಕಾಣುತ್ತದೆ, ಇರುವ ಯಂತ್ರದಲ್ಲಿ ಕಡಿಮೆ.

ಎಸ್‌ಎಸ್‌ಡಿಯ ಸಂಗತಿ ಇನ್ನೂ ಸ್ಪಷ್ಟ. ಅವನ ಕ್ಯಾಮೆರಾ 4ಕೆ ಚಿತ್ರೀಕರಣದಲ್ಲಿ ಸೆಕೆಂಡಿಗೆ 100 ಮೆಗಾಬಿಟ್ ಬರೆಯುತ್ತದೆ. ಅಂದರೆ ಗಂಟೆಗೆ 45 ಜಿಬಿ. ಇಡೀ ರಾತ್ರಿಯ ಆಟ ಎಂಟು ಗಂಟೆ ಎಂದು ಹಿಡಿದರೆ 360 ಜಿಬಿ. ರಂಗಸ್ಥಳಕ್ಕೆ ಎದುರಾಗಿ ಒಂದು, ಪಕ್ಕದಿಂದ ಒಂದು, ಹೀಗೆ ಎರಡು ಕ್ಯಾಮೆರಾ ಇಟ್ಟರೆ 720 ಜಿಬಿ. ಒಂದೇ ಒಂದು ಆಟ 512ರಲ್ಲಿ ಹಿಡಿಯುವುದಿಲ್ಲ. ಅವನಿಗೆ ಒಂದು ಟಿಬಿ ಬೇಕೇ ಬೇಕು. ಶೋರೂಮಿನ ಯಂತ್ರಕ್ಕೆ ಅದನ್ನು ಸೇರಿಸಿದರೆ ಇನ್ನೂ 5,200, ಒಟ್ಟು 78,190. ಅವನ 70,800ಕ್ಕೂ ಇದಕ್ಕೂ ಈಗ 7,390ರ ಅಂತರ.

ಹನ್ನೆರಡು ಸಾವಿರ ಎರಡಾಯಿತು, ಎರಡು ಏಳೂವರೆಯಾಯಿತು. ಮೂರೂ ಸಂಖ್ಯೆ ಸುಳ್ಳಲ್ಲ, ಆದರೆ ಅವನ ಕೆಲಸಕ್ಕೆ ಹೊಂದುವುದು ಕೊನೆಯದ್ದು ಮಾತ್ರ.

ಹಾಗಾದರೆ ಎಲ್ಲರೂ ಜೋಡಿಸಿಕೊಳ್ಳುವುದೇ ಒಳ್ಳೆಯದೋ? ಅಲ್ಲ. ಅದೇ ವರ್ಷ ನನ್ನ ಅಂಗಡಿಗೆ ನಾನು ಕೊಂಡದ್ದು ರೆಡಿ ಕಂಪ್ಯೂಟರ್.

ರಿಕ್ಷಾ ಹತ್ತಿದರೆ ಫರ್ಲಾಂಗ್ ದೂರಕ್ಕೂ ಮಿನಿಮಮ್ ಚಾರ್ಜ್ ಕೊಡಲೇಬೇಕಲ್ಲ? ಕಂಪ್ಯೂಟರಿಗೂ ಅಂಥದ್ದೊಂದು ಮಿನಿಮಮ್ ಚಾರ್ಜ್ ಉಂಟು. ಕ್ಯಾಬಿನೆಟ್, ಎಸ್‌ಎಂಪಿಎಸ್, ವಿಂಡೋಸ್ ಈ ಮೂರಕ್ಕೆ, ಯಂತ್ರ ಎಷ್ಟೇ ಸಾಧಾರಣವಾದದ್ದಿರಲಿ, ಒಂದು ಮಟ್ಟಕ್ಕಿಂತ ಕೆಳಗೆ ಇಳಿಯಲಾಗುವುದಿಲ್ಲ. ಹಿಡಿದು ಹಿಡಿದು ಖರ್ಚು ಮಾಡಿದರೂ ನನ್ನ ಲೆಕ್ಕದಲ್ಲಿ ಹದಿನಾಲ್ಕು ಸಾವಿರದ ಸುತ್ತಮುತ್ತ ಬರುತ್ತದೆ. ಮೂವತ್ತು ಸಾವಿರದ ಯಂತ್ರದಲ್ಲಿ ಅದು ಹತ್ತಿರ ಹತ್ತಿರ ಅರ್ಧ. ದೊಡ್ಡ ಕಂಪನಿಗೆ ಇದೇ ಮೂರು ಸಾಲು ಸಗಟು ದರದಲ್ಲಿ ಬೀಳುವುದರಿಂದ ಕೆಳಗಿನ ಬೆಲೆಯಲ್ಲಿ ಅವರನ್ನು ನಾವು ಮೀರಿಸಲಾರೆವು. ಬೆಲೆ ಮೇಲೆ ಹೋದಂತೆ ಲೆಕ್ಕ ತಿರುಗುತ್ತದೆ. ಒಂದು ಲಕ್ಷದ ಯಂತ್ರದಲ್ಲಿ ಈ ಮೂರರ ಪಾಲು ಸಣ್ಣದು, ಹಣವೆಲ್ಲ ಹೋಗುವುದು ಪ್ರೊಸೆಸರಿಗೆ, ಗ್ರಾಫಿಕ್ಸ್ ಕಾರ್ಡಿಗೆ. ಅವುಗಳ ಬಿಡಿ ಬೆಲೆ ಎಲ್ಲರಿಗೂ ಗೊತ್ತಿರುವಂಥದ್ದು. ಅಲ್ಲಿ ಕಂಪನಿ ತನ್ನ ಲಾಭ ಇಟ್ಟುಕೊಂಡು ಮಾರುವಾಗ, ಕೈಯಾರೆ ಜೋಡಿಸಿಕೊಂಡವನಿಗೆ ಆ ಲಾಭಾಂಶ ಉಳಿಯುತ್ತದೆ.

ಅಂಗಡಿಯಲ್ಲಿ ನನಗೆ ಬೇಕಾದದ್ದು ಕನ್ನಡ ಟೈಪಿಂಗಿನ ನುಡಿ, ಪುಟವಿನ್ಯಾಸ, ಪ್ರಿಂಟರ್, ಜಿಎಸ್‌ಟಿ ಫೈಲಿಂಗ್. ಗ್ರಾಫಿಕ್ಸ್ ಕಾರ್ಡಿನ ಅಗತ್ಯವಿಲ್ಲ. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದಿತ್ತು, ನನ್ನ ಹಳೆಯ ಯಂತ್ರದ 7ನೇ ತಲೆಮಾರಿನ ಇಂಟೆಲ್ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಐಟಿ ಕಂಪನಿಗಳು ಬಳಸಿ ಬಿಟ್ಟ ಡೆಸ್ಕ್‌ಟಾಪುಗಳನ್ನು ಶುಚಿಮಾಡಿ, ಪರೀಕ್ಷಿಸಿ ಮಾರುವವರು ಇದ್ದಾರೆ, ರಿಫರ್ಬಿಶ್ಡ್ ಅನ್ನುತ್ತಾರೆ. 16,500ರಂತೆ ಎರಡು ತಂದೆ. ಒಂದರಲ್ಲಿ ಕೆಲಸ, ಇನ್ನೊಂದು ಕೈಕೊಟ್ಟ ದಿನಕ್ಕೆ. ಎರಡೂ ಸೇರಿ 33,000. ಆ ಹಣಕ್ಕೆ ಹೊಸ ಬಿಡಿಭಾಗ ತಂದು ಒಂದನ್ನು ಜೋಡಿಸುವುದೇ ಕಷ್ಟವಿತ್ತು. ಇದನ್ನು ಕೊಳ್ಳುವವರು ಒಂದು ಸಂಗತಿ ನೋಡಿಕೊಳ್ಳಿ: ಇಂಟೆಲ್ ಆದರೆ 8ನೇ ತಲೆಮಾರು ಅಥವಾ ಅದರಿಂದೀಚಿನದ್ದಾಗಿರಬೇಕು. ಆರನೇ, ಏಳನೇ ತಲೆಮಾರಿನವು ಈಗ ಬಹಳ ಅಗ್ಗಕ್ಕೆ ಬರುತ್ತಿವೆ. ಬರುವುದಕ್ಕೆ ಕಾರಣವೇ ಇದು.

ಎರಡು ತಂದದ್ದಕ್ಕೆ ಹಿನ್ನೆಲೆ ಉಂಟು. 2019ರಲ್ಲಿ ಅಂಗಡಿಗೆ ಒಂದು ಬ್ರಾಂಡೆಡ್ ಡೆಸ್ಕ್‌ಟಾಪ್ ಕೊಂಡಿದ್ದೆ. ಒಂದು ವರ್ಷದ ವಾರಂಟಿ. 2022ರ ಮೇ ತಿಂಗಳು, ಮಳೆಗೆ ಮುಂಚಿನ ಗುಡುಗು. ಕರಾವಳಿಯವರಿಗೆ ಆ ಗುಡುಗಿನ ಬಗ್ಗೆ ಹೇಳಬೇಕಿಲ್ಲ. ಸಂಜೆ ಒಂದು ಸಿಡಿಲು ಬಡಿದದ್ದೇ ತಡ, ಕಂಪ್ಯೂಟರ್ ಆಫ್. ಬಿಚ್ಚಿ ನೋಡಿದರೆ ಸುಟ್ಟ ವಾಸನೆ ಎಸ್‌ಎಂಪಿಎಸ್‌ನಿಂದ. ಹೊಸದೊಂದು ಹಾಕಿದರಾಯಿತು ಎಂದುಕೊಂಡು ತಂದರೆ ಅದರ ಪ್ಲಗ್ ಬೋರ್ಡಿಗೆ ಕೂರುವುದೇ ಇಲ್ಲ. ಸಾಮಾನ್ಯ ಬೋರ್ಡಿನಲ್ಲಿ 24 ಪಿನ್ನಿನ ಸಾಕೆಟ್ ಇರುತ್ತದೆ. ಆ ಕಂಪನಿ ತನ್ನದೇ ಆಕಾರದ, ಕಡಿಮೆ ಪಿನ್ನಿನ ಸಾಕೆಟ್ ಇಟ್ಟಿತ್ತು. ಅವರದೇ ಭಾಗ ತರಿಸಬೇಕಾಯಿತು. 19 ದಿನ, 6,400 ರೂಪಾಯಿ. ಮದುವೆ ಕಾಗದಗಳ ಕಾಲ ಅದು. ಸ್ನೇಹಿತರ ಅಂಗಡಿಯಲ್ಲಿ ರಾತ್ರಿ ಕೂತು ಕೆಲಸ ಮುಗಿಸಿದೆ. ಗಿರಾಕಿಗಳಲ್ಲಿ ಇಬ್ಬರು ಮತ್ತೆ ಬರಲಿಲ್ಲ. ನಾನು ಕೊಂಡ ರಿಫರ್ಬಿಶ್ಡ್ ಯಂತ್ರಗಳಲ್ಲೂ ಇದೇ ತೊಂದರೆ ಉಂಟು, ಅದಕ್ಕೇ ಜೋಡಿ.

ಬಿಡಿ ಭಾಗಗಳು ಒಂದಕ್ಕೊಂದು ಹೊಂದುತ್ತವೆ ಎಂಬುದು ಈಗ ನಮಗೆ ಸಹಜ ಅನ್ನಿಸುತ್ತದೆ, ಆದರೆ ಅದು ತಾನಾಗಿ ಬಂದದ್ದಲ್ಲ. 1981ರಲ್ಲಿ ಐಬಿಎಂ ತನ್ನ ಪಿಸಿ ತಂದಾಗ ಸಮಯ ಉಳಿಸಲು ಪ್ರೊಸೆಸರನ್ನು ಇಂಟೆಲ್‌ನಿಂದ, ಆಪರೇಟಿಂಗ್ ಸಿಸ್ಟಮನ್ನು ಮೈಕ್ರೋಸಾಫ್ಟ್‌ನಿಂದ ಪಡೆಯಿತು, ಒಳಗಿನ ವಿನ್ಯಾಸದ ವಿವರಗಳನ್ನೂ ಪ್ರಕಟಿಸಿತು. ಬೇರೆಯವರು ಅದಕ್ಕೆ ಹೊಂದುವ ಕಾರ್ಡು, ಬೋರ್ಡು, ಕೊನೆಗೆ ಇಡೀ ಯಂತ್ರವನ್ನೇ ಮಾಡತೊಡಗಿದರು. 1995ರಲ್ಲಿ ಇಂಟೆಲ್ ಎಟಿಎಕ್ಸ್ ಎಂಬ ಅಳತೆ ಹಾಕಿಕೊಟ್ಟಿತು: ಬೋರ್ಡಿನ ತೂತು ಎಲ್ಲಿ, ಎಸ್‌ಎಂಪಿಎಸ್‌ನ ಸ್ಕ್ರೂ ಎಲ್ಲಿ, ಪ್ಲಗ್ ಯಾವುದು. ಕಾಲಕಾಲಕ್ಕೆ ತಿದ್ದುಪಡಿಯಾಗಿದ್ದರೂ ಇವತ್ತಿನ ಬೋರ್ಡುಗಳು ಹೊಂದುವುದು ಅದೇ ಅಳತೆಗೆ. ಹಲವು ಬ್ರಾಂಡೆಡ್ ಯಂತ್ರಗಳು ಬಿಟ್ಟು ನಡೆಯುವುದು ಈ ಅಳತೆಯನ್ನೇ. ಹೊಸದಿದ್ದಾಗ ಅದು ಬಿಲ್ಲಿನಲ್ಲಿ ಕಾಣುವುದಿಲ್ಲ, ಮೊದಲ ರಿಪೇರಿಯಲ್ಲಿ ಕಾಣುತ್ತದೆ.

ನಮ್ಮ ಊರಿನಲ್ಲಿ ಎಸ್‌ಎಂಪಿಎಸ್ ಬಗ್ಗೆ ನಾನು ಸ್ವಲ್ಪ ಹೆಚ್ಚೇ ಹೇಳುತ್ತೇನೆ. ಗೋಡೆಯ 230 ವೋಲ್ಟನ್ನು 12, 5, 3.3 ವೋಲ್ಟುಗಳಿಗೆ ಇಳಿಸಿ ಒಳಗಿನ ಎಲ್ಲ ಭಾಗಕ್ಕೂ ಉಣಿಸುವುದು ಅದು. ಒಳ್ಳೆಯದು ಕೆಡುವಾಗ ತಾನೊಂದೇ ಕೆಡುತ್ತದೆ, ಕೆಟ್ಟದ್ದು ಬೋರ್ಡನ್ನೂ ಡಿಸ್ಕನ್ನೂ ಜೊತೆಗೆ ಕೊಂಡೊಯ್ಯುತ್ತದೆ. ಡಬ್ಬದ ಮೇಲಿನ '80 ಪ್ಲಸ್' ಗುರುತು ಹೇಳುವುದು ಎಳೆದ ವಿದ್ಯುತ್ತಿನಲ್ಲಿ ಎಷ್ಟು ಭಾಗ ಕೆಲಸಕ್ಕೆ ಬರುತ್ತದೆ ಎಂಬುದನ್ನು ಮಾತ್ರ, ರಕ್ಷಣೆಯ ಬಗ್ಗೆ ಅದು ಏನೂ ಹೇಳುವುದಿಲ್ಲ. ರಕ್ಷಣೆಗೆ ಕಂಪನಿಯ ಹೆಸರು, ಮಾಡೆಲ್, ವಾರಂಟಿಯ ವರ್ಷ ನೋಡಬೇಕು. ಆರ್‌ಟಿಎಕ್ಸ್ 3060ಕ್ಕೆ ಎನ್‌ವಿಡಿಯಾ ಹೇಳುವುದು 550 ವ್ಯಾಟ್. ಶೋರೂಮಿನ ಹೆಸರಿಲ್ಲದ 500 ನನಗೆ ಒಪ್ಪಿಗೆಯಾಗಲಿಲ್ಲ, 650 ಇರಲಿ ಎಂದೆ. ಇದರ ಜೊತೆಗೆ ಮನೆಯ ಅರ್ಥಿಂಗ್ ಸರಿಯಿರಬೇಕು, ಗುಡುಗು ಶುರುವಾದರೆ ಪ್ಲಗ್ ಕಿತ್ತಿಡಬೇಕು. ಎಷ್ಟು ದುಡ್ಡಿನ ಎಸ್‌ಎಂಪಿಎಸ್ ಆದರೂ ಸಿಡಿಲಿಗೆ ಅದೊಂದೇ ಮದ್ದಲ್ಲ.

ರೆಡಿ ಮತ್ತು ಕೈಯಾರೆ ಎಂಬ ಎರಡೇ ದಾರಿಯ ನಡುವೆ, ನಮ್ಮ ಕಡೆ ಹೆಚ್ಚು ಜನ ಹಿಡಿಯುವ ಮೂರನೆಯದೊಂದು ಉಂಟು: ಅಂಗಡಿಯವರೇ ಜೋಡಿಸಿ ಕೊಡುವ ಅಸೆಂಬಲ್ಡ್ ಸಿಸ್ಟಮ್. ಮಂಗಳೂರಿನಲ್ಲೂ ಮಣಿಪಾಲದಲ್ಲೂ ಚೆನ್ನಾಗಿ ಮಾಡಿಕೊಡುವವರಿದ್ದಾರೆ. ಜೋಡಣೆಗೆ ತೆಗೆದುಕೊಳ್ಳುವುದು ಹೆಚ್ಚೆಂದರೆ ಸಾವಿರದ ಆಚೀಚೆ, ಭಾಗಗಳನ್ನು ಅವರಲ್ಲೇ ಕೊಂಡರೆ ಅದನ್ನೂ ಬಿಡುವವರುಂಟು. ಸ್ಕ್ರೂಡ್ರೈವರ್ ಹಿಡಿಯಲು ಅಂಜಿಕೆಯಿದ್ದವರಿಗೆ ಇದೇ ಒಳ್ಳೆಯ ದಾರಿ. ಆದರೆ "ಐ5, 16 ಜಿಬಿ, 512 ಎಸ್‌ಎಸ್‌ಡಿ, ಕ್ಯಾಬಿನೆಟ್ ವಿತ್ ಎಸ್‌ಎಂಪಿಎಸ್" ಎಂದು ಒಂದೇ ಸಾಲಿನಲ್ಲಿ ಬರೆದುಕೊಟ್ಟ ಕೊಟೇಶನ್ ಒಪ್ಪಬೇಡಿ. ಐ5 ಎಂಬ ಹೆಸರಿನಲ್ಲಿ ಹದಿನೈದು ವರ್ಷದ ಪ್ರೊಸೆಸರುಗಳಿವೆ. ಪ್ರತಿ ಭಾಗದ ಪೂರ್ತಿ ಮಾಡೆಲ್ ಹೆಸರು ಕೇಳಿ. ಪ್ರೊಸೆಸರ್ ಬಾಕ್ಸಿನದ್ದೋ ಟ್ರೇಯದ್ದೋ (ಬಾಕ್ಸ್ ಇಲ್ಲದೆ ಬಿಡಿಯಾಗಿ ಬಂದದ್ದೋ) ಕೇಳಿ. ಬಾಕ್ಸಿನದ್ದಕ್ಕೆ ತಯಾರಕರಿಂದಲೇ ಮೂರು ವರ್ಷದ ವಾರಂಟಿ ಇರುತ್ತದೆ, ಟ್ರೇಯದ್ದಕ್ಕೆ ಮಾರಿದವರ ಮಾತೇ ಆಧಾರ. "ಬಿಲ್ ಬೇಡದಿದ್ದರೆ ಕಡಿಮೆ ಮಾಡಿಕೊಡ್ತೇವೆ" ಎಂದರೆ ಆ ಮಾತಿಗೆ ಸೋಲಬೇಡಿ. ಬಿಲ್ ಇಲ್ಲದಿದ್ದರೆ ವಾರಂಟಿ ಕೇಳಲು ದಾರಿಯಿಲ್ಲ. ಜಿಎಸ್‌ಟಿ ನೋಂದಣಿಯಿದ್ದು ವ್ಯವಹಾರಕ್ಕೆಂದೇ ಕೊಳ್ಳುವವರಾದರೆ 60,800ರಲ್ಲಿ ಅಡಗಿರುವ ಸುಮಾರು 9,270 ರೂಪಾಯಿ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ವಜಾ ಮಾಡಿಕೊಳ್ಳಲೂ ಬಿಲ್ಲೇ ಬೇಕು.

ವಾರಂಟಿಯಲ್ಲಿ ರೆಡಿ ಯಂತ್ರದ ಅನುಕೂಲವನ್ನು ಅಲ್ಲಗಳೆಯುವಂತಿಲ್ಲ. ಒಂದೇ ಫೋನ್ ನಂಬರ್, ಆನ್‌ಸೈಟ್ ಇದ್ದರೆ ಮನೆಗೇ ಬರುತ್ತಾರೆ. ಬಿಡಿಭಾಗಗಳಲ್ಲಿ ವರ್ಷಗಳು ಹೆಚ್ಚು, ಬೋರ್ಡಿಗೆ ಮೂರು, ಎಸ್‌ಎಸ್‌ಡಿಗೆ ಮೂರರಿಂದ ಐದು, ರ‍್ಯಾಮ್‌ಗೆ ಇನ್ನೂ ಹೆಚ್ಚು, ಆದರೆ ಏಳು ಭಾಗಕ್ಕೆ ಏಳು ಕಡೆ ಅಲೆಯಬೇಕು. ಯಾವ ಭಾಗ ಕೆಟ್ಟಿದೆ ಎಂದು ಕಂಡುಹಿಡಿಯುವುದೂ ನಮ್ಮದೇ ಹೊಣೆ. ಒಂದು ದಿನ ಯಂತ್ರ ನಿಂತರೂ ನಷ್ಟವಾಗುವ ಕ್ಲಿನಿಕ್ಕಿಗೋ ಸೊಸೈಟಿಗೋ ನಾನು ಆನ್‌ಸೈಟ್ ವಾರಂಟಿಯ ಬ್ರಾಂಡೆಡ್ ಯಂತ್ರವನ್ನೇ ಹೇಳುತ್ತೇನೆ.

ಹುಡುಗ ಜೋಡಿಸುವುದೆಂದೇ ನಿಶ್ಚಯ ಮಾಡಿದ. ಅರ್ಧ ಭಾಗ ಮಂಗಳೂರಿನಲ್ಲಿ ಸಿಕ್ಕಿತು, ಉಳಿದದ್ದು ಬೆಂಗಳೂರಿನ ಎಸ್‌ಪಿ ರೋಡಿನಿಂದ ರಾತ್ರಿ ಬಸ್ಸಿನ ಪಾರ್ಸೆಲ್‌ನಲ್ಲಿ ಬಂತು. ಮಳೆಗಾಲ ನೋಡಿ, ಘಾಟಿ ದಾಟಿ ಪೆಟ್ಟಿಗೆ ಒದ್ದೆಯಾಗದೆ ಬರಲಿ ಎಂದು ಎರಡೆರಡು ಪ್ಲಾಸ್ಟಿಕ್ ಸುತ್ತಿಸಿದ್ದ.

ಅಕ್ಕನ ಮನೆಯ ಊಟದ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ ಕೂತೆವು. ಈ ಪ್ರೊಸೆಸರಿನ ಕೆಳಗೆ ಕೂದಲೆಳೆಯಂಥ ಸಾವಿರಕ್ಕೂ ಹೆಚ್ಚು ಪಿನ್ನುಗಳಿರುತ್ತವೆ. ಸಾಕೆಟ್ಟಿನ ಸನ್ನೆಯನ್ನು ಎತ್ತಿ, ಮೂಲೆಯ ಚಿನ್ನದ ಬಣ್ಣದ ತ್ರಿಕೋನವನ್ನು ಸಾಕೆಟ್ಟಿನ ತ್ರಿಕೋನಕ್ಕೆ ಸರಿಮಾಡಿ ಮೆಲ್ಲಗೆ ಇಟ್ಟರೆ ತನ್ನ ಭಾರಕ್ಕೇ ಇಳಿಯುತ್ತದೆ. ಒತ್ತಿದರೆ ಪಿನ್ ಬಾಗುತ್ತದೆ. ಇಳಿಯದಿದ್ದರೆ ತೆಗೆದು ಮತ್ತೆ ನೋಡಬೇಕು, ಒತ್ತಬಾರದು. ಅದರ ಜೊತೆ ಬಂದ ಫ್ಯಾನಿನ ತಳಕ್ಕೆ ಪೇಸ್ಟ್ ಮೊದಲೇ ಬಳಿದಿತ್ತು. ನಾಲ್ಕು ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದ. ಒಂದೇ ಮೂಲೆ ಬಿಗಿದರೆ ಫ್ಯಾನ್ ಓರೆಯಾಗಿ ಕೂರುತ್ತದೆ. ರ‍್ಯಾಮ್ ಪಟ್ಟಿಗಳನ್ನು ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ ಹಾಕಿ ಒತ್ತಿದಾಗ ಟಕ್ಕೆಂದಿತು. ಅಕ್ಕ ಒಳಗಿನಿಂದ ಬಂದು, "ಎಂತ ಮಾರಾಯ, ಮುರಿಯಿತಾ?" ಎಂದು ಕೇಳಿದಳು.

ಮೂರು ಗಂಟೆಯ ಮೇಲೆ ಸ್ವಿಚ್ ಒತ್ತಿದಾಗ ಫ್ಯಾನ್ ತಿರುಗಿತು, ಪರದೆ ಕತ್ತಲೆ. ಹುಡುಗ ಬೆವತುಹೋದ. ಹತ್ತು ನಿಮಿಷ ಎಲ್ಲ ಬಿಚ್ಚಿ ಹಾಕಿ ನೋಡಿದ ಮೇಲೆ ಗೊತ್ತಾಯಿತು, ಮಾನಿಟರಿನ ಕೇಬಲ್ ಮದರ್‌ಬೋರ್ಡಿನ ತೂತಿಗೆ ಹಾಕಿದ್ದೆವು. 5600ರಲ್ಲಿ ಚಿತ್ರ ಮೂಡಿಸುವ ಭಾಗವೇ ಇಲ್ಲ, ಕೇಬಲ್ ಗ್ರಾಫಿಕ್ಸ್ ಕಾರ್ಡಿಗೇ ಹೋಗಬೇಕು. ಕಾರ್ಡ್ ಕೊಳ್ಳದೆ ಬರೀ 5600 ಕೊಂಡು ಕೂತವರನ್ನೂ ನಾನು ನೋಡಿದ್ದೇನೆ. ಕಾರ್ಡ್ ಬೇಡದವರು ಕೊಳ್ಳಬೇಕಾದದ್ದು ಹೆಸರಿನ ಕೊನೆಗೆ 'ಜಿ' ಅಕ್ಷರವಿರುವ 5600ಜಿ. ಬಯಾಸಿಗೆ (ಬೋರ್ಡಿನದೇ ಸೆಟ್ಟಿಂಗ್ ಪರದೆಗೆ) ಹೋಗಿ ನೋಡಿದರೆ 3200ರ ವೇಗದ ರ‍್ಯಾಮ್ 2666ರಲ್ಲಿ ಓಡುತ್ತಿತ್ತು. ಎಕ್ಸ್‌ಎಂಪಿ ಎಂಬ ಒಂದು ಆಯ್ಕೆ ಆನ್ ಮಾಡಿದ ಮೇಲೆ ಸರಿಯಾಯಿತು. ಕೊಟ್ಟ ದುಡ್ಡಿನ ವೇಗ ಸಿಗದೆ ವರ್ಷಗಟ್ಟಲೆ ಓಡುವ ಯಂತ್ರಗಳು ಬಹಳ ಇವೆ.

ಜೋಡಿಸಿದ ಯಂತ್ರದ ನಿಜವಾದ ಉಳಿತಾಯ ಬರುವುದು ಎರಡನೆಯ ಖರೀದಿಯಲ್ಲಿ. ಅವನ ಬೋರ್ಡಿನ ಎಎಂ4 ಸಾಕೆಟ್ ರೈಜೆನ್ ಜೊತೆ ಜನರ ಕೈಗೆ ಬಂದದ್ದು 2017ರಲ್ಲಿ. ಆ ವರ್ಷ ಕೊಂಡ ಅನೇಕ ಬೋರ್ಡುಗಳಿಗೆ 2022ರಲ್ಲಿ ಬಯಾಸ್ ಅಪ್‌ಡೇಟ್ ಬಂದು, ರೈಜೆನ್ 5000 ಸರಣಿಯ ಪ್ರೊಸೆಸರ್ ಹಾಕಿಕೊಳ್ಳಲು ಸಾಧ್ಯವಾಯಿತು. ಇಡೀ ಯಂತ್ರ ಬದಲಿಸಬೇಕಿದ್ದವರು ಒಂದೇ ಭಾಗ ಬದಲಿಸಿದರು. ಇವತ್ತು ಹೊಸದಾಗಿ ಕಟ್ಟುವವರು 2022ರಲ್ಲಿ ಬಂದ ಮುಂದಿನ ಸಾಕೆಟ್ ಎಎಂ5 ನೋಡುವುದು ಒಳ್ಳೆಯದು. ನಮ್ಮ ಹುಡುಗನ ಬಜೆಟ್ಟಿಗೆ ಅದು ನಿಲುಕಲಿಲ್ಲ.

ಈ ಲೆಕ್ಕವೆಲ್ಲ ಮಾರುಕಟ್ಟೆ ನೆಟ್ಟಗಿರುವ ಕಾಲದ್ದು. 2011ರಲ್ಲಿ ಥಾಯ್ಲೆಂಡಿನ ಪ್ರವಾಹಕ್ಕೆ ಹಾರ್ಡ್‌ಡಿಸ್ಕ್ ಕಾರ್ಖಾನೆಗಳು ಮುಳುಗಿ ಡಿಸ್ಕಿನ ಬೆಲೆ ಗಗನಕ್ಕೇರಿತ್ತು. 2021ರಲ್ಲಿ ಕ್ರಿಪ್ಟೋ ಮೈನಿಂಗ್ ಮಾಡುವವರು ಗ್ರಾಫಿಕ್ಸ್ ಕಾರ್ಡುಗಳನ್ನು ಬಾಚಿಕೊಂಡಾಗ, ಬಿಡಿ ಕಾರ್ಡಿಗಿಂತ ಕಾರ್ಡ್ ಇರುವ ರೆಡಿ ಯಂತ್ರವೇ ಲಾಭವಾಗಿತ್ತು. ದೊಡ್ಡ ಕಂಪನಿಗಳು ಮುಂಗಡ ಒಪ್ಪಂದದಲ್ಲಿ ಮಾಲು ಹಿಡಿದಿಟ್ಟಿರುತ್ತವೆ, ಏರಿದ ಬೆಲೆ ಅವರನ್ನು ತಟ್ಟುವುದು ತಡವಾಗಿ. 2025ರ ಕೊನೆಗೆ ರ‍್ಯಾಮ್‌ನ ಸರದಿ ಬಂತು. ಎಐ ಡೇಟಾ ಸೆಂಟರುಗಳಿಗೆ ಮೆಮೊರಿ ಚಿಪ್ ಹರಿದುಹೋಗತೊಡಗಿ, ಅಂಗಡಿಯ ದರ ಕೆಲವೇ ತಿಂಗಳಲ್ಲಿ ದುಪ್ಪಟ್ಟು ದಾಟಿತು. ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿ ಬಿಡಿ ಗ್ರಾಹಕರಿಗೆ ಮಾರುತ್ತಿದ್ದ ತನ್ನ ಕ್ರೂಷಿಯಲ್ ವ್ಯವಹಾರವನ್ನೇ ನಿಲ್ಲಿಸುವುದಾಗಿ ಹೇಳಿತು. ಈಗ ಯಾರಾದರೂ ಎರಡು ಕಾಗದ ಹಿಡಿದು ನನ್ನಲ್ಲಿಗೆ ಬಂದರೆ ಮೊದಲು ನೋಡುವುದು ರ‍್ಯಾಮ್‌ನ ಸಾಲನ್ನೇ. ಹಳೆಯ ಸ್ಟಾಕಿನ ರೆಡಿ ಯಂತ್ರ ಸಿಕ್ಕಿದರೆ ಅದನ್ನೇ ತೆಗೆದುಕೊಳ್ಳಿ ಎಂದೂ ಹೇಳಿಯೇನು.

ಹುಡುಗನ ಬೋರ್ಡಿನಲ್ಲಿ ಎರಡು ಸ್ಲಾಟ್ ಖಾಲಿ ಉಂಟು. ದೀಪಾವಳಿಗೆ ಇನ್ನೂ 16 ಜಿಬಿ ಹಾಕುವುದೆಂದಿದ್ದ. ದರ ಕೇಳಿ ಹಿಂದೆ ಬಂದ. ಸದ್ಯ ಎರಡು ಕ್ಯಾಮೆರಾದ ಆಟ ಎಡಿಟ್ ಮಾಡುವಾಗ ಬ್ರೌಸರ್ ಮುಚ್ಚಿಟ್ಟು ಕೆಲಸ ಸಾಗಿಸುತ್ತಿದ್ದಾನೆ, ಬರುವ ಪತ್ತನಾಜೆಗೆ ಮತ್ತೆ ದರ ಕೇಳುತ್ತಾನಂತೆ.